ಜೇನಿನ ಸದ್ದು ಕೇಳುವ ಪ್ರೋಗ್ರಾಂಗೆ ಒಂದು ಲೈಸೆನ್ಸ್

ಜೇನು ಸಾಕಣೆಗಾರರ ಸಂಘದ ಅಧ್ಯಕ್ಷೆ ಬ್ರೆಡಾ ಅವರೇ, ನನಗೆ ಸಿಕ್ಕ ಬಹುಮಾನದ ಪ್ರಾಯೋಜಕರೂ ಮುಖ್ಯ ಅತಿಥಿಗಳೂ ಆದ, ಜೇನುಪೆಟ್ಟಿಗೆಗೆ ಯಂತ್ರ ತಯಾರಿಸುವ ಕಂಪನಿಯ ಗೊರಾಜ್ದ್ ಅವರೇ, ಮರಿಬೋರ್ ನಗರದ ಸುತ್ತಲಿನ ಜೇನು ಸಾಕಣೆಗಾರರೇ, ಹಿಂದಿನ ಸಾಲಿನಲ್ಲಿ ಆಗಲೇ ನಗುತ್ತಿರುವ ನನ್ನ ಹಾಸ್ಟೆಲ್ ಗೆಳತಿಯರೇ, ಸಭಿಕರೇ,

ನಾನು ನೇಯಾ, ಎಂಜಿನಿಯರಿಂಗ್ ಮೊದಲ ವರ್ಷ. ಮಾತು ತಡವರಿಸಿದರೆ, ದಯವಿಟ್ಟು ಅದನ್ನು ವಿನಯ ಎಂದುಕೊಳ್ಳಿ.

ನನ್ನ ಪ್ರೋಗ್ರಾಂ ಜೇನುಪೆಟ್ಟಿಗೆಯ ಸದ್ದು ಕೇಳಿ, ಹಿಂಡು ಹಾರಿಹೋಗುವ ಮೊದಲೇ ಫೋನಿಗೆ ಸುದ್ದಿ ಕೊಡುತ್ತದೆ. ಆ ಸದ್ದುಗಳು ಯಾರವು? ನೀವು ಕಚ್ಚಿಸಿಕೊಂಡು ರೆಕಾರ್ಡ್ ಮಾಡಿ ಕಳಿಸಿದವು. ನಾನು ಕೋಡನ್ನು ಇಂಟರ್‌ನೆಟ್ಟಿಗೆ ಹಾಕಿದೆ, ಬಳಕೆಯ ಷರತ್ತು ಹೇಳುವ ಲೈಸೆನ್ಸ್ ಹಾಕಲಿಲ್ಲ. ಷರತ್ತೇ ಬರೆಯದಿದ್ದರೆ ಎಲ್ಲರಿಗೂ ಮುಕ್ತ ಎಂದುಕೊಂಡಿದ್ದೆ. ಆದದ್ದು ತಲೆಕೆಳಗು. ಅನುಮತಿ ಬರೆದುಕೊಡದಿದ್ದರೆ ಯಾರೂ ಅದನ್ನು ನಕಲು ಮಾಡಿ ಹಂಚುವಂತಿಲ್ಲವಂತೆ. ಸಂಘ ಅದನ್ನು ಸದಸ್ಯರಿಗೆ ಹಂಚುವುದನ್ನು ನಿಲ್ಲಿಸಿತು. ಈ ಮೇ ತಿಂಗಳಲ್ಲಿ ಎಷ್ಟು ಹಿಂಡುಗಳು ಹಾರಿದವು ಎಂದು ಕೇಳುವ ಧೈರ್ಯ ನನಗಿಲ್ಲ.

ಅದಕ್ಕೇ ಇಂದು ಲೈಸೆನ್ಸ್ ಘೋಷಿಸಲು ಒಪ್ಪಿದೆ. ಯಾವುದನ್ನು? ಒಂದು ಬಗೆಯದು, ಬರೆದವರ ಹೆಸರು ಉಳಿಸಿ ಏನು ಬೇಕಾದರೂ ಮಾಡಿಕೊಳ್ಳಿ, ಮುಚ್ಚಿಟ್ಟು ಮಾರಿಕೊಳ್ಳಿ ಎನ್ನುತ್ತದೆ. ಇನ್ನೊಂದು, ತಿದ್ದಿ, ಮಾರಿ, ಆದರೆ ಕೊಂಡವರಿಗೆ ತಿದ್ದಿದ ಕೋಡನ್ನೂ ಇದೇ ಷರತ್ತಿನಲ್ಲಿ ಕೊಡಿ ಎನ್ನುತ್ತದೆ.

ಸಭೆಗೆ ಮೊದಲು ಕಾಫಿ ಕುಡಿಯುವಾಗ ಗೊರಾಜ್ದ್ ಅವರು ಮೃದುವಾಗಿಯೇ ಹೇಳಿದರು: “ಮೊದಲನೇದು ಹಾಕಮ್ಮ. ಎರಡನೇದಾದ್ರೆ ನಿನ್ನ ಪ್ರೋಗ್ರಾಂ ಸೇರಿಸೋ ನಮ್ಮ ಯಂತ್ರದ ಕೋಡೆಲ್ಲ ಬಿಚ್ಚಿಡಬೇಕಾಗುತ್ತೆ. ಆಮೇಲೆ ನಮ್ಮ ಕಂಪನೀಲಿ ನಿನ್ನ ಬೇಸಿಗೆ ಕೆಲಸದ ಮಾತು ಕಷ್ಟ.”

ಆ ಕೆಲಸ ನನಗೆ ಬೇಕು ಸರ್. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ರಜೆ ಬಂದರೆ ಎಲ್ಲರಿಗೂ ಹೋಗಲು ಒಂದು ಮನೆ ಇರುತ್ತದೆ. ನನಗೆ ಈ ಸಲ ಕೆಲಸದ ಜೊತೆ ಕೊಡುವ ಆ ಕೋಣೆಯೇ... ಕ್ಷಮಿಸಿ, ಇದು ಭಾಷಣದಲ್ಲಿ ಇರಲಿಲ್ಲ.

ಹೊರಗೆ ಜೇನು ಸಾಕುವ ವಿಂಕೊ ತಾತ ಸಿಕ್ಕಿದರು. ಮೊದಲ ರೆಕಾರ್ಡಿಂಗ್ ಅವರದೇ. ವಿಷಯ ಹೇಳಿದೆ. “ಕಚ್ಚಿಸ್ಕೊಂಡೋನು ನಾನು, ನಾಳೆ ಆ ಯಂತ್ರ ಕೊಳ್ಳೋನೂ ನಾನೇನಾ?” ಎಂದು ನಕ್ಕರು. ಆಮೇಲೆ ನಗಲಿಲ್ಲ.

“ನೋಡು ಮಗಾ, ಹಿಂಡು ಹಾರಿದ್ರೆ ಪಕ್ಕದೋರ ತೋಟಕ್ಕೂ ನುಗ್ಗಿ ಹಿಡ್ಕೊಂಡು ಬರ್ತೀವಿ. ಯಾರೂ ಬೇಡ ಅನ್ನಲ್ಲ. ಹಿಂದೆ ಹೋಗೋದು ಬಿಟ್ಟರೆ ಮಾತ್ರ ಅದು ಸಿಕ್ಕಿದೋರ ಪಾಲು. ನಿನ್ನ ಕೋಡಿನ ಹಿಂದೆ ನೀನು ಹೋಗ್ತೀಯೋ, ಬಿಡ್ತೀಯೋ?”

ಸಭಿಕರೇ, ನಾನು ಹೋಗುತ್ತೇನೆ. ಎರಡನೆಯ ಲೈಸೆನ್ಸ್. ಅದರ ಹೆಸರು ಜಿಪಿಎಲ್. ಫೋನಿನಲ್ಲಿ ಎರಡನ್ನೂ ಸಿದ್ಧ ಮಾಡಿಟ್ಟಿದ್ದೆ. ಇದನ್ನು ಈಗ ಒತ್ತುತ್ತಿದ್ದೇನೆ.

ಹೋಯಿತು.

ಗೊರಾಜ್ದ್ ಸರ್, ದಯವಿಟ್ಟು ಏಳಬೇಡಿ, ಬಹುಮಾನಕ್ಕೆ ಧನ್ಯವಾದ ಹೇಳುವುದು ಬಾಕಿಯಿದೆ. ಕೋಡ್ ನಿಮಗೂ ತೆರೆದಿದೆ, ಇವರಿಗಿರುವ ಷರತ್ತಿನಲ್ಲೇ. ತಾಳ್ಮೆಯಿಂದ ಕೇಳಿದ ಎಲ್ಲರಿಗೂ ಕೃತಜ್ಞಳು. ಬೇಸಿಗೆಗೆ ಬಾಡಿಗೆಯ ಕೋಣೆ ಎಲ್ಲಾದರೂ ಇದ್ದರೆ, ಹೋಗುವ ಮೊದಲು ನನಗೊಂದು ಮಾತು ಹೇಳಿ.

ನಮಸ್ಕಾರ.