ಎಡಗಡೆ ಸೀಟಿನ ತೂಕ

ರಾತ್ರಿ ಹನ್ನೊಂದೂವರೆಗೆ, ಯಶವಂತಪುರದ ಆಚೆ, ಅಬ್ಬಿಗೆರೆಯಿಂದ ಪಕ್ಕದ ಸಿಂಗಾಪುರ ಬಡಾವಣೆಗೆ ನಡೆದು ಬರುವವರಲ್ಲಿ ಎರಡೇ ಜಾತಿ. ಕುಡಿದವರು, ಇಲ್ಲಾ ಗಾಡಿ ರಿಪೇರಿಗೆ ಬಿಟ್ಟವರು. ಸುಬ್ರಮಣಿ ಎರಡನೇ ಜಾತಿ. ಕುಡಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಈ ಕತೆ ಕೇಳಿದವರೆಲ್ಲ ಮೊದಲು ವಿಚಾರಿಸುವುದೇ ಅದನ್ನು.

ಇನ್ನೊಂದು ವಿಷಯ. ಅವನು ಮೂವತ್ತು ವರ್ಷ ತೂಕ ಮತ್ತು ಅಳತೆ ಇನ್‌ಸ್ಪೆಕ್ಟರ್ ಆಗಿದ್ದವನು. ತರಕಾರಿ ಅಂಗಡಿಯ ತಕ್ಕಡಿಯಿಂದ ಹಿಡಿದು ಲಾರಿ ತೂಗುವ ವೇಬ್ರಿಡ್ಜ್‌ವರೆಗೆ ಎಲ್ಲಕ್ಕೂ ಪರೀಕ್ಷೆ ಮಾಡಿ ಮುದ್ರೆ ಹೊಡೆದವನು. ಮುದ್ರೆ ಇಲ್ಲದ ಯಾವುದನ್ನೂ ನಂಬದವನು. ಅದರಲ್ಲಿ ದೇವರೂ ಬಂತು, ದೆವ್ವವೂ ಬಂತು.

ಗಾಡಿ ಅಂದರೆ ಹಳೇ ಡೀಸೆಲ್ ಜೀಪು. ನಿವೃತ್ತಿ ಆದಮೇಲೆ ಕೊಂಡದ್ದು. ಅದರಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ ಬರಬೇಕು, ಆರು ಸಾವಿರ ಕಿಲೋಮೀಟರ್, ಉಣ್ಣುವುದು ಮಲಗುವುದು ಎಲ್ಲ ಗಾಡಿಯಲ್ಲೇ. ಅಬ್ಬಿಗೆರೆಯ ಶೆಡ್ಡಿನಲ್ಲಿ ಜೀಷಾನ್ ಅನ್ನುವ ಮೆಕ್ಯಾನಿಕ್ಕು ಐದು ತಿಂಗಳಿಂದ ಅದನ್ನೇ ಮಾಡುತ್ತಿದ್ದ. ಹಿಂದಿನ ಸೀಟು ಕಿತ್ತು ಹಲಗೆ ಮಂಚ, ಮಂಚದ ಕೆಳಗೆ ಡ್ರಾಯರು, ನೀರಿಗೆ ನಲವತ್ತು ಲೀಟರಿನ ಸ್ಟೀಲ್ ಟ್ಯಾಂಕು, ಹಿಂದಿನ ಬಾಗಿಲಿಗೆ ಎರಡು ಡೀಸೆಲ್ ಕ್ಯಾನು, ಭಾರ ತಡೆಯಲಿ ಅಂತ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಜಾಸ್ತಿ. ಒಳಗೆ ಹೋಗುವ ಪ್ರತಿಯೊಂದು ಸಾಮಾನನ್ನೂ ಸುಬ್ರಮಣಿ ಮೊದಲು ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಕಂಬಳಿ, ಸ್ಟೌವು, ಒಂದು ಚಮಚ. ಆ ಜೀಪಿಗೆ ಕಾನೂನು ಒಪ್ಪುವ ಒಟ್ಟು ತೂಕ, ಗಾಡಿಯದೂ ಅವನದೂ ಸೇರಿ, ಎರಡು ಸಾವಿರದ ಐನೂರು ಕೆಜಿ. ಅದರ ಮೇಲೆ ಹೋಗುವ ಮಾತೇ ಇಲ್ಲ. ಜನ್ಮವಿಡೀ ಬೇರೆಯವರ ತಪ್ಪು ಹಿಡಿದವನು ತಾನೇ ಓವರ್‌ಲೋಡ್ ಮಾಡಿಕೊಂಡು ಹೋಗುವುದು ಹೇಗೆ?

ಎಡಗಡೆಯ ಸೀಟಿನ ವಿಷಯ ಮಾತ್ರ ಅವನು ಯಾರ ಹತ್ತಿರವೂ ಹೆಚ್ಚು ಮಾತಾಡುತ್ತಿರಲಿಲ್ಲ.

ಮೊದಲು ಹನ್ನೊಂದು ಜನರನ್ನು ಕರೆದಿದ್ದ. ಆಫೀಸಿನ ಹಳೇ ಸ್ನೇಹಿತರು, ಭಾವಮೈದ, ಎದುರು ಮನೆಯವರು. ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಮಗಳ ಪರೀಕ್ಷೆ. ಹನ್ನೊಂದನೆಯವಳು ಶಾಂತಲಾ. ಅವನ ಹೆಂಡತಿ. ಬಿಟ್ಟು ಹೋಗಿ ಒಂಬತ್ತು ವರ್ಷ. ಸತ್ತು ಅಲ್ಲ, ಬೇಜಾರಾಗಿ. ಮೈಸೂರಿನಲ್ಲಿ ಚೆನ್ನಾಗಿಯೇ ಇದ್ದಾಳೆ. ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು, "ನಿಮ್ಮ ತೂಕದ ಪುಸ್ತಕ ಇದೆಯಲ್ಲ, ಅದನ್ನೇ ಪಕ್ಕದಲ್ಲಿ ಕೂರಿಸ್ಕೊಳ್ಳಿ," ಅಂದಳು.

ಮಾರನೇ ದಿನ ಎಡಗಡೆ ಸೀಟು ಬಿಚ್ಚಿಸಿದ. ಆ ಜಾಗಕ್ಕೆ ಒಂದು ಪುಟ್ಟ ಫ್ರಿಡ್ಜು, ಅದಕ್ಕೊಂದು ಬ್ಯಾಟರಿ. ಒಬ್ಬನೇ ಹೋಗುವುದೇ ಅನುಕೂಲ ಅಂತ ಜೀಷಾನ್‌ಗೆ ಎರಡು ಸಲ ಹೇಳಿದ. ಜೀಷಾನ್ ಯಾಕೆ ಅಂತ ಕೇಳಿಯೇ ಇರಲಿಲ್ಲ.

ಆ ಶುಕ್ರವಾರ ಸಂಜೆ ಪೂರ್ತಿ ತುಂಬಿದ ಜೀಪನ್ನು ಪಕ್ಕದ ವೇಬ್ರಿಡ್ಜಿನಲ್ಲಿ ತೂಗಿದರು. ನೋಟ್‌ಬುಕ್ಕಿನ ಮೊತ್ತ ಎರಡು ಸಾವಿರದ ನಾನೂರ ಎಂಬತ್ತು. ಚೀಟಿಯಲ್ಲಿ ಬಂದದ್ದೂ ಅದೇ. ಟ್ಯಾಂಕಿನ ಮೂತಿ ಸಣ್ಣಗೆ ಒಸರುತ್ತಿತ್ತು ಅಂತ ಗಾಡಿ ಶೆಡ್ಡಿನಲ್ಲೇ ಬಿಟ್ಟು, ಜೀಷಾನ್ ಜೊತೆ ಟೀ ಕುಡಿದು, ಕಾಲುನಡಿಗೆಯಲ್ಲಿ ಹೊರಟ.

ಸಿಂಗಾಪುರದ ತಿರುವಿನಲ್ಲಿ ಹಳೇ ಬಾವಿ. ಒಂದು ಕಡೆ ಲೇಔಟು, ಇನ್ನೊಂದು ಕಡೆ ಕಟ್ಟಿ ಮುಗಿಯದ ಅಪಾರ್ಟ್‌ಮೆಂಟು. ಬೀದಿದೀಪ ಇದೆ, ಉರಿಯುವುದಿಲ್ಲ. ಎಲ್ಲೋ ಒಂದು ಮೋಟಾರು ಗುಂಯ್... ಅನ್ನುತ್ತಿತ್ತು. ಅವನ ಚಪ್ಪಲಿ ಜಲ್ಲಿ ಮೇಲೆ ಚರಕ್, ಚರಕ್. ಮೋಟಾರು ನಿಂತಿತು.

"ಎತ್ಲಾಗೆ ಓಯ್ತದೆ ಗಾಡಿ?"

ಹೆಣ್ಣು ದನಿ. ಒಣಗಿದ ದನಿ. ಬಾವಿ ಕಟ್ಟೆಯ ಮೇಲೆ ಯಾರೋ ಮೊಣಕಾಲು ಮಡಚಿ ಕೂತ ಹಾಗಿತ್ತು. ಹಳೇ ಊರಿನ ಯಾವುದೋ ಮುದುಕಿ, ನಿದ್ದೆ ಬರದೆ ಕೂತಿದೆ ಅಂದುಕೊಂಡ. ಜೀಪಿನ ವಿಷಯ ಬಡಾವಣೆಗೆಲ್ಲ ಗೊತ್ತಿತ್ತಲ್ಲ.

"ಉತ್ತರಕ್ಕೆ, ಅಜ್ಜಿ. ಬಹಳ ದೂರ."

"ಜಾಗ ಐತಾ?"

ಅವನು ನಡೆಯುತ್ತಲೇ ಇದ್ದ. ಆ ಮಾತು ಹೇಗೆ ಬಾಯಿಗೆ ಬಂತೋ ಅವನಿಗೇ ಗೊತ್ತಿಲ್ಲ. ಹನ್ನೊಂದು ಸಲ ಹೇಳಿ ಹೇಳಿ ರೂಢಿಯಾಗಿತ್ತೇನೋ.

"ಇದೆ. ಬರ್ತೀಯಾ?"

ಚರಕ್, ಚರಕ್... ಆಮೇಲೆ ಹಿಂದಿನಿಂದ, ಬಹಳ ಮೆಲ್ಲಗೆ:

"ಊಂ."

ತಿರುಗಿ ಮೊಬೈಲಿನ ಬೆಳಕು ಬಿಟ್ಟ. ಎದುರಿಗೆ ತುಕ್ಕು ಹಿಡಿದ ತಗಡು. ಬರೀ ತಗಡು. ಮುದುಕಿ ಎದ್ದು ಒಳಗೆ ಹೋಗಿರಬೇಕು ಅಂತ ಅವನೂ ಮನೆಗೆ ಹೋಗಿ ಮಲಗಿದ.

ಬೆಳಿಗ್ಗೆ ಹಾಲು ತರಲು ಮುನಿನಾರಾಯಣಮ್ಮನ ಅಂಗಡಿಗೆ ಹೋದಾಗ, ರಾತ್ರಿಯೆಲ್ಲ ಬಾವಿ ಕಟ್ಟೆ ಮೇಲೆ ಕೂರುವ ಆ ಅಜ್ಜಿ ಯಾರು ಅಂತ ಕೇಳಿದ. ಮುನಿನಾರಾಯಣಮ್ಮ ಆ ಊರಲ್ಲೇ ಹುಟ್ಟಿ, ಆ ಊರಿಗೇ ಸೊಸೆಯಾಗಿ, ಎಪ್ಪತ್ತು ದಾಟಿದವಳು. ಹಾಲಿನ ಪಾಕೀಟು ಕೈಯಲ್ಲೇ ಹಿಡಿದುಕೊಂಡು ನಿಂತಳು. ಬಾವಿ ಸುತ್ತ ಆಳೆತ್ತರ ತಗಡು ಹೊಡೆದು ಬೀಗ ಹಾಕಿ ಎಂಟು ವರ್ಷ ಆಯಿತು, ಕಟ್ಟೆ ರಸ್ತೆಗೆ ಎಲ್ಲಿ ಕಾಣುತ್ತೆ, ಅಂದಳು. ಆಮೇಲೆ ಪಿಸುದನಿಯಲ್ಲಿ ಮಿಕ್ಕಿದ್ದು. ಯಶವಂತಪುರದ ಮಂಡಿಗೆ ಎತ್ತಿನ ಗಾಡಿ ಹೋಗುತ್ತಿದ್ದ ಕಾಲದಿಂದಲೂ ಅದು ಕೇಳುತ್ತದಂತೆ. ಗಾಡಿ ಎತ್ತ ಹೋಗುತ್ತೆ, ಜಾಗ ಇದೆಯಾ. ಅವಳ ಅತ್ತೆಗೂ ಕೇಳಿಸಿತ್ತು. ಯಾರೂ ಉತ್ತರ ಕೊಡುತ್ತಿರಲಿಲ್ಲ, ಎತ್ತಿನ ಬಾಲ ತಿರುಚಿಕೊಂಡು ಹೊರಟುಹೋಗುತ್ತಿದ್ದರಂತೆ.

"ನೀನೇನೂ ಕರೀಲಿಲ್ವಲ್ಲಪ್ಪಾ?"

"ಇಲ್ಲ," ಅಂದ ಸುಬ್ರಮಣಿ.

ಹೋಗಿ ನೋಡಿದ. ತಗಡು ಅವನ ತಲೆಗಿಂತ ಎತ್ತರ. ಬೀಗಕ್ಕೆ ಜೇಡ ಬಲೆ ಕಟ್ಟಿತ್ತು. ಕತ್ತಲಲ್ಲಿ ಕಣ್ಣು ಮೋಸ ಮಾಡುತ್ತೆ, ಕಿವಿಯೂ ಮಾಡುತ್ತೆ. ತಕ್ಕಡಿ ಕಂಡುಹಿಡಿದಿರುವುದೇ ಅದಕ್ಕೆ, ಅಂದುಕೊಂಡು ಸಮಾಧಾನವಾಗಿ ತಿಂಡಿ ತಿಂದ.

ರಾತ್ರಿ ಶೆಡ್ಡಿನಿಂದ ಜೀಪು ಹೊಡೆದುಕೊಂಡು ಬಂದ. ಬಾವಿಯ ಹತ್ತಿರ ರಸ್ತೆಗೆ ಒಂದು ಉಬ್ಬು ಇದೆ, ಅಲ್ಲಿ ಗಾಡಿ ನಿಂತೇ ಹೋಗಬೇಕು. ನಿಧಾನ ಮಾಡಿದ. ಎಡಗಡೆ ಸ್ಪ್ರಿಂಗು ಕಿರ್ರ್... ಅಂತು. ಯಾರಾದರೂ ಮೆಟ್ಟಿಲಿಗೆ ಕಾಲಿಟ್ಟು ಹತ್ತಿದರೆ ಬರುವ ಸದ್ದು. ಆಮೇಲೆ ಟಕ್. ಬಾಗಿಲಲ್ಲ, ಬಾಗಿಲು ಹಾಕಿಯೇ ಇತ್ತು. ಫ್ರಿಡ್ಜಿನ ಮುಚ್ಚಳ.

ಮನೆ ಮುಂದೆ ನಿಲ್ಲಿಸಿ ಟೇಪು ಹಿಡಿದು ಅಳೆದ. ಎಡಗಡೆ ಚಕ್ರದ ಮೇಲಿನ ಸಂದು ಬಲಗಡೆಗಿಂತ ಎರಡು ಸೆಂಟಿಮೀಟರ್ ಕಮ್ಮಿ. ಹೊಸ ಪಟ್ಟಿ ಕೂತಿಲ್ಲ ಅಂತ ವಾಪಸ್ ಅಬ್ಬಿಗೆರೆಗೆ ಹೋಗಿ, ಶೆಡ್ಡು ಮುಚ್ಚುತ್ತಿದ್ದ ಜೀಷಾನ್‌ನನ್ನು ಬೈದ.

ಜೀಷಾನ್ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದ. "ಸ್ಪ್ರಿಂಗ್ ಮಸ್ತಾಗಿದೆ ಸಾರ್. ಲೋಡ್ ಜಾಸ್ತಿ ಹಾಕಿದೀರ."

"ಒಂದು ಚಮಚ ಕೂಡ ಹಾಕಿಲ್ಲ."

ವೇಬ್ರಿಡ್ಜಿಗೆ ಹೋದರು. ಖಾಲಿ ಹಲಗೆ ಸೊನ್ನೆ ತೋರಿಸುತ್ತಿತ್ತು. ಆ ಯಂತ್ರಕ್ಕೆ ಹಿಂದಿನ ವರ್ಷ, ನಿವೃತ್ತಿಗೆ ಮುಂಚೆ, ಮುದ್ರೆ ಹೊಡೆದದ್ದು ಸುಬ್ರಮಣಿಯೇ. ಜೀಪು ಹತ್ತಿಸಿ ಕೂತ. ಪ್ರಿಂಟರು ಕರ್ರ್, ಕರ್ರ್ ಅಂತು. ಎರಡು ಸಾವಿರದ ಐನೂರ ಇಪ್ಪತ್ತು.

ಇಳಿಸಿ, ಸೊನ್ನೆ ನೋಡಿ, ಮತ್ತೆ ಹತ್ತಿಸಿದ. ಐನೂರ ಇಪ್ಪತ್ತು. ಒಟ್ಟು ಐದು ಸಲ. ಅಂಥ ಯಂತ್ರದಲ್ಲಿ ಹತ್ತು ಕೆಜಿ ಆಚೀಚೆ ಆಗುವುದು ಸಹಜ. ನಲವತ್ತು ಕೆಜಿ ಸಹಜ ಅಲ್ಲ.

ಸುಬ್ರಮಣಿ ಐದನೇ ಚೀಟಿಯನ್ನು ಮಡಚಿ ಜೇಬಿಗಿಟ್ಟ. ಪಕ್ಕದಲ್ಲಿ ಫ್ರಿಡ್ಜು. ಜಾಗ ಇದೆ ಅಂದಿದ್ದ. ಜಾಗ ಇರಲಿಲ್ಲ. ಅವನ ಲೆಕ್ಕದಲ್ಲಿ ದೆವ್ವ ಇಲ್ಲ, ಆದರೆ ಇಲ್ಲದ ಜಾಗ ಇದೆ ಅನ್ನುವುದು ಮೋಸ. ಅಷ್ಟೇ ಅಲ್ಲ. ಇವಳೂ ಸೇರಿ ಅವನು ಕರೆದ ಹನ್ನೆರಡು ಜನರಲ್ಲಿ ಊಂ ಅಂದದ್ದು ಒಬ್ಬಳು.

"ಜೀಷಾನ್, ಆ ಸೀಟು ಎಲ್ಲಿಟ್ಟಿದೀಯ?"

"ಅಟ್ಟದ ಮೇಲಿದೆ. ಯಾಕ್ ಸಾರ್, ಮೇಡಂ ಬರ್ತಾರಾ?"

"ಯಾರೋ ಬರ್ತಾರೆ."

ಆ ರಾತ್ರಿಯೇ ಫ್ರಿಡ್ಜು, ಬ್ಯಾಟರಿ ಎರಡೂ ಇಳಿದವು. ಮೂವತ್ತಾರು ಕೆಜಿ. ಹದಿನಾರು ಕೆಜಿಯ ಸೀಟು ಹತ್ತಿತು. ನಾಲ್ಕು ಬೋಲ್ಟು, ಜೊತೆಗೆ ಹಳೇ ಕಾಲದ ಸೊಂಟದ ಬೆಲ್ಟು. ಕೂತವರು ತಾವೇ ಎಳೆದು ಬಿಗಿ ಮಾಡಿಕೊಳ್ಳುವಂಥದ್ದು. ಜೀಷಾನ್ ಅದನ್ನು ಪೂರ್ತಿ ಸಡಿಲ ಬಿಟ್ಟು, ಬಕಲ್ ಹಾಕದೆ ಸೀಟಿನ ಮೇಲಿಟ್ಟ. ಮತ್ತೆ ತೂಗಿದರು. ಸರಿಯಾಗಿ ಎರಡು ಸಾವಿರದ ಐನೂರು. ಜೀಷಾನ್ ಚೀಟಿ ನೋಡಿದ, ಖಾಲಿ ಸೀಟು ನೋಡಿದ, ಏನೂ ಕೇಳಲಿಲ್ಲ. ಕೆಲಸಗಾರನಿಗೆ ಇರಬೇಕಾದ ಗುಣ.

ಸೋಮವಾರ ಬೆಳಗಿನ ಜಾವ ಮೂರಕ್ಕೆ ಹೊರಟ. ಎಂಟನೇ ಮೈಲಿ ಸ್ಟಾಪು ದಾಟಿ ತುಮಕೂರು ಹೆದ್ದಾರಿ ಸೇರಿದ. ಆಮೇಲೆ ಮಾತಾಡಲು ಶುರು ಮಾಡಿದ. ಮೊದಲು ಗಾಡಿಯ ವಿಷಯ. ಯಾವ ಸಾಮಾನು ಎಲ್ಲಿದೆ, ಎಷ್ಟು ತೂಕ. ಆಮೇಲೆ ನೌಕರಿಯ ವಿಷಯ. ಆಮೇಲೆ ಶಾಂತಲಾ ಮನೆ ಬಿಟ್ಟ ದಿನ ಅಡುಗೆಮನೆಯ ತಕ್ಕಡಿಯನ್ನು ಮಾತ್ರ ಅವನಿಗೆ ಬಿಟ್ಟು ಹೋದದ್ದು. ಎಡಗಡೆ ಸ್ಪ್ರಿಂಗು ಹಳ್ಳ ಬಂದಾಗಲೆಲ್ಲ ಕಿರ್ರ್ ಅನ್ನುತ್ತಿತ್ತು. ಉತ್ತರ ಅನ್ನುವಂತಿಲ್ಲ. ಆದರೆ ಒಂಬತ್ತು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

ತುಮಕೂರು ದಾಟಿ ಒಂದು ವೇಬ್ರಿಡ್ಜು. ನಿಲ್ಲಿಸಿ ತೂಗಿದ. ಎರಡು ಸಾವಿರದ ನಾನೂರ ತೊಂಬತ್ತು. ಉರಿದ ಡೀಸೆಲ್ ಕಳೆದರೆ ಸರಿ. ಇದ್ದಾಳೆ. ಟೀ ಕುಡಿಯಲು ಇಳಿಯಲೂ ಇಲ್ಲ, ಹಾಗೇ ಹೊರಟ.

ಇನ್ನೂ ಬೆಳಕು ಹರಿದಿರಲಿಲ್ಲ. ರಸ್ತೆ ಖಾಲಿ. ಎರಡೂ ಕಡೆ ಕಪ್ಪು ಬಯಲು. ಇಷ್ಟು ಹೊತ್ತು ತನ್ನದೇ ಹೇಳಿದೆನಲ್ಲ, ಒಂದು ಮಾತೂ ಕೇಳಲಿಲ್ಲ ಅನ್ನಿಸಿತು. ಪಿಸುದನಿಯಲ್ಲಿ ಕೇಳಿದ.

"ನೀನು ಎಲ್ಲಿಗೆ ಹೋಗ್ಬೇಕಮ್ಮಾ?"

ಅರ್ಧ ಮೈಲಿ ಹೋಗಿರಬೇಕು. ಎಡಗಡೆ ಸ್ಪ್ರಿಂಗು ಕಿರ್ರ್... ಅಂತು. ರಸ್ತೆ ನುಣ್ಣಗಿತ್ತು. ಹಳ್ಳ ಇರಲಿಲ್ಲ. ಗಾಡಿ ಎಪ್ಪತ್ತರ ಮೇಲಿತ್ತು. ಸ್ಟೇರಿಂಗು ಒಂದು ಕೂದಲೆಳೆ ಬಲಕ್ಕೆ ಎಳೆದು, ನೇರವಾಯಿತು.

ಸಿರಾ ಹತ್ತಿರ ತೂಗಿದ. ಎರಡು ಸಾವಿರದ ನಾನೂರ ಐವತ್ತು.

ಹಿಂದಿನ ಲಾರಿಯವನು ಹಾರ್ನ್ ಹೊಡೆಯುವವರೆಗೆ ಆ ವೇಬ್ರಿಡ್ಜಿನ ಹಲಗೆಯ ಮೇಲೆ ಗಾಡಿಯಲ್ಲೇ ಕೂತಿದ್ದ. ಸ್ಪಿತಿಗೆ ಹೊರಟವನ ಜೊತೆ ಬಂದವಳು ಸಿರಾಕ್ಕೆ ಮುಂಚೆಯೇ ಇಳಿದಿದ್ದಳು. ಬೇಕಾಗಿದ್ದದ್ದು ಅಷ್ಟೇ ದೂರ. ಸೈಕಲ್ಲಿನಲ್ಲಿ ಹೋದರೂ ಎರಡು ದಿನದ ದಾರಿ.

ಅವನು ಹೋದ. ಫ್ರಿಡ್ಜಿಲ್ಲದೆ, ದಿನಾ ಬ್ರೆಡ್ಡು ಉಪ್ಪಿನಕಾಯಿ ತಿಂದುಕೊಂಡು, ಇಪ್ಪತ್ತಾರು ದಿನ. ಸ್ಪಿತಿ ಹೇಗಿತ್ತು ಅಂದರೆ, "ಚೆನ್ನಾಗಿತ್ತು, ಚಳಿ," ಅನ್ನುತ್ತಾನೆ. ವಾಪಸ್ ಬರುವಾಗ ಸಿರಾ ದಾಟಿ, ಅಂದಾಜಿನಲ್ಲಿ ಅದೇ ಜಾಗ ಹುಡುಕಿ, ಗಾಡಿ ಪಕ್ಕಕ್ಕೆ ಹಾಕಿ, ಎಡಗಡೆ ಬಾಗಿಲು ತೆಗೆದು ಬೆಳಗಾಗುವವರೆಗೆ ಕಾದ. ಜಾಗ ಇದೆ ಅಂತ ಎರಡು ಸಲ ಹೇಳಿದ. ಲಾರಿಗಳು ಹೋದವು. ಸ್ಪ್ರಿಂಗು ಸದ್ದು ಮಾಡಲಿಲ್ಲ. ಸುಮ್ಮನೆ ಇರಲಿ ಅಂತ ಮುಂದೆ ತೂಗಿಯೂ ನೋಡಿದ.

ಈಗಲೂ ರಾತ್ರಿ ಆ ಬಾವಿ ಮುಂದೆಯೇ ನಡೆದು ಬರುತ್ತಾನೆ. ಯಾರೂ ಏನೂ ಕೇಳುವುದಿಲ್ಲ.

ಫ್ರಿಡ್ಜು ಮತ್ತೆ ಕೂರಿಸಲಾ ಅಂತ ಜೀಷಾನ್ ಕೇಳಿದರೆ ಬೇಡ ಅಂದ. ಎರಡು ಚೀಟಿ ಶೆಡ್ಡಿನ ಗೋಡೆಯ ಮೇಲಿವೆ. ತುಮಕೂರಿನದು, ಸಿರಾದ್ದು. ಒಂದೇ ಬೆಳಗಿನ ಜಾವ, ಮಧ್ಯೆ ಐವತ್ತು ಕಿಲೋಮೀಟರ್. ಅಷ್ಟು ದಾರಿಯಲ್ಲಿ ಗಾಡಿ ಎಲ್ಲೂ ನಿಂತಿಲ್ಲ. ಯಂತ್ರ ಕೆಟ್ಟಿರಬೇಕು ಅನ್ನುವವರು ಅನ್ನಲಿ, ಅದು ಒಂದು ವಾದ. ಆದರೆ ಸಿರಾದಲ್ಲಿ ಸುಬ್ರಮಣಿ ಪಕ್ಕಕ್ಕೆ ತಿರುಗಿ ನೋಡಿದಾಗ, ಎಡಗಡೆ ಸೀಟಿನ ಬೆಲ್ಟಿನ ಬಕಲ್ ಹಾಕಿತ್ತು. ಎಳೆದು ಬಿಗಿ ಮಾಡಿತ್ತು. ಅವನು ಅದನ್ನು ಬಿಚ್ಚಲಿಲ್ಲ, ಇವತ್ತಿನವರೆಗೂ ಬಿಚ್ಚಿಲ್ಲ. ಅಜ್ಜಿ ಅಂತ ಕರೆದಿದ್ದನಲ್ಲ. ಊರಿಗೆ ಬಂದಮೇಲೆ ಜೀಷಾನ್ ಟೇಪು ಹಿಡಿದು ಆ ಬೆಲ್ಟಿನ ಸುತ್ತಳತೆ ತೆಗೆದ.

ಇಪ್ಪತ್ತೆರಡು ಇಂಚು. ಹನ್ನೆರಡು ವರ್ಷದ ಹುಡುಗಿಯ ಸೊಂಟ.

ಇದು ನಡೆದದ್ದು. ಜೀಪು ಅಬ್ಬಿಗೆರೆಯಲ್ಲೇ ನಿಂತಿದೆ, ಟೇಪು ಅದೇ ಗೋಡೆಯ ಮೊಳೆಯಲ್ಲಿದೆ. ಹೋಗಿ ಅಳೆದುಕೊಳ್ಳಿ.