ಜವರಮ್ಮ ಮೇಡಂ ಅವರ ಸೀರೆಗಳು

ಈ ಹೊತ್ತು ಕೆಲಸ ಬಿಟ್ಟು ನಮ್ಮ ಶಾಲೆಯ ಅಂಗಳಕ್ಕೆ ಬಂದಿರುವ ಎಲ್ಲರಿಗೂ, ಮುಖ್ಯೋಪಾಧ್ಯಾಯರಿಗೂ, ಹದಿನಾರು ಗ್ರಾಮದಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ಮಗಳು ವಾಣಿಗೂ, ಮೇಡಂ ಅವರ ಭಾವ ಸಿದ್ದರಾಜು ಅವರಿಗೂ — ವಾಣಿಗೆ ದೊಡ್ಡಪ್ಪ, ಹಾಗಾಗಿ ನನಗೂ ದೊಡ್ಡಪ್ಪ — ನನ್ನ ನಮಸ್ಕಾರ.

ನಾನು ಇಲ್ಲಿ ಇಂಗ್ಲಿಷ್ ಟೀಚರ್. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಮಾತಿನಲ್ಲಿ ತಪ್ಪಾದರೆ ಕ್ಷಮಿಸಿ. ಮಧ್ಯೆ ನಕ್ಕುಬಿಟ್ಟರೂ ಕ್ಷಮಿಸಿ. ನಮ್ಮ ಹೊಲಿಗೆ ಟೀಚರ್ ಜವರಮ್ಮ ಮೇಡಂ ಅವರನ್ನು ನೆನೆಸಿಕೊಂಡರೆ — ಏನು ಮಾಡಲಿ — ಮೊದಲು ನಗುವೇ ಬರುತ್ತದೆ. ಅಳು ಅದರ ಹಿಂದೆಯೇ ಬರುತ್ತದೆ.

ನಾಳೆ ಬೆಳಿಗ್ಗೆ ಮನೆಯವರು ಅಸ್ಥಿ ಬಿಡಲು ಟಿ. ನರಸೀಪುರದ ಸಂಗಮಕ್ಕೆ ಹೋಗುತ್ತಾರೆ. ಜೊತೆಗೆ, ಮೇಡಂ ಉಡುತ್ತಿದ್ದ ಸೀರೆಗಳನ್ನೂ ನೀರಿಗೆ ಬಿಟ್ಟು ಬರುವುದು ಅವರ ಮನೆಯ ಪದ್ಧತಿ. ವಾಣಿಗೆ ಮನಸ್ಸಿಲ್ಲ. ನಿನ್ನೆ ಆ ಸೀರೆಗಳ ಗಂಟನ್ನು ಅಪ್ಪಿಕೊಂಡು ಕುಳಿತಿದ್ದಳು. ದೊಡ್ಡಪ್ಪ ಹೇಳಿದರು — "ಉಟ್ಟಿದ್ ಸೀರೆ ಮನೇಲಿಟ್ಕಂಡ್ರೆ ಅವಳ ಜೀವ ಇಲ್ಲೇ ಸುತ್ತತದೆ ಕಣವ್ವ." ವಾಣಿ ನನ್ನ ಮುಖ ನೋಡಿದಳು. ಅದಕ್ಕೇ ಇವತ್ತು ಮೈಕ್ ಹಿಡಿದಿದ್ದೇನೆ. ದೊಡ್ಡಪ್ಪ, ಆ ಸೀರೆಗಳಿಗಾಗಿ ನಿಮ್ಮನ್ನು ಕೇಳಿಕೊಳ್ಳುವುದಿದೆ. ಅದಕ್ಕೆ ಮೊದಲು ಮೇಡಂ ಬಗ್ಗೆ ನಾಲ್ಕು ಮಾತು.

ನಾಲ್ಕು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ನಾನು ಈ ಶಾಲೆಗೆ ಬಂದಾಗ ಊಟದ ಡಬ್ಬಿಯನ್ನು ದಿನಕ್ಕೊಂದು ಬಣ್ಣದ ಪ್ಲಾಸ್ಟಿಕ್ ಕವರಿನಲ್ಲಿ ತರುತ್ತಿದ್ದೆ. ಮೈಸೂರಿನ ದೊಡ್ಡ ದೊಡ್ಡ ಅಂಗಡಿಗಳ ಕವರು! ನನಗೆ ಅದೇ ಸ್ಟೈಲು. ಮೇಡಂ ಕನ್ನಡಕದ ಮೇಲಿಂದ — ಹೀಗೆ — ನೋಡಿದರು. "ಏನ್ ಮಗಾ, ದಿನಾ ಒಂದೊಂದ್ ಅಂಗ್ಡಿ ಬೋರ್ಡು ಒತ್ಕಂಡ್ ಬತ್ತೀಯಲ್ಲ, ಅವರೇನಾದ್ರೂ ಸಂಬ್ಳ ಕೊಟ್ಟಾರಾ?"

ಸ್ಟಾಫ್ ರೂಮಿನ ಕಿಟಕಿ ನೆನಪಿದೆಯಾ ಸಾರ್? ತೊಳೆದ ಹಾಲಿನ ಕವರುಗಳನ್ನು ಸರಳಿಗೆ ಸಿಕ್ಕಿಸಿ ಒಣಗಿಸುತ್ತಿದ್ದರು. ಇನ್‌ಸ್ಪೆಕ್ಷನ್‌ಗೆ ಬಂದವರು "ಇದೇನಮ್ಮ ತೋರಣ?" ಎಂದರೆ, "ಪರಂಗಿ ಸಸಿಗೆ ತೊಟ್ಲು ಸಾ" ಅಂದುಬಿಟ್ಟರು. ಹೀರೇಕಾಯಿ ತಿರುಳನ್ನು ಸಾರಿಗೆ ಹಾಕಿ, ಸಿಪ್ಪೆಯ ಚಟ್ನಿಯನ್ನು ನಮಗೆ ತರುತ್ತಿದ್ದರು. ಅಯ್ಯೋ, ಆ ಚಟ್ನಿ! ಅದಕ್ಕೆ ಜಗಳವಾಡಿದವರೆಲ್ಲ ಇಲ್ಲೇ ಕುಳಿತಿದ್ದಾರೆ. ಜುಗ್ಗತನ ಎಂದು ಯಾರಾದರೂ ರೇಗಿಸಿದರೆ ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. "ನಾವ್ ಚಿಕ್ಕೋರಿದ್ದಾಗ ಎಸೆಯಾಕೆ ಏನಿತ್ತು? ಎಸೆಯಾದ ನಾನು ಕಲೀನೇ ಇಲ್ಲ ಕಣ್ರವ್ವ."

ಅವರ ಕೈಯಲ್ಲಿ ಒಂದು ಸೀರೆ ಬೇಗ ಮುಗಿಯುತ್ತಲೇ ಇರಲಿಲ್ಲ. ಉಟ್ಟು ಉಟ್ಟು ಮೆತ್ತಗಾದ ಮೇಲೆ ಮಗುವಿಗೆ ಜೋಲಿ. ಜೋಲಿ ಬಿಚ್ಚಿದ ಮೇಲೆ ಕೈಚೀಲ. ಚೀಲವೂ ಹರಿದರೆ ಒಲೆಯ ಪಕ್ಕದ ಮಸಿಬಟ್ಟೆ. ವಾಣಿ ಮಲಗಿದ್ದ ಜೋಲಿ ಎಷ್ಟೋ ವರ್ಷ ಚೀಲವಾಗಿ ನಂಜನಗೂಡಿನ ಬಸ್ಸಿನಲ್ಲಿ ಓಡಾಡಿದೆ.

ಈ ವೈಶಾಖದಲ್ಲಿ ನನ್ನ ಮದುವೆಯಾಯಿತು. ನಗಬೇಡಿ, ನಮ್ಮ ಯಜಮಾನರು ಹಿಂದೆಯೇ ನಿಂತಿದ್ದಾರೆ! ನಮ್ಮ ಅತ್ತೆ ಪುಟ್ಟಗೌರಮ್ಮನವರ ಹರಕೆ — ಹೊಸ ಜೋಡಿ ಕಪಿಲಾ ಹೊಳೆಯಲ್ಲಿ ಮುಳುಗಿ, ಉಟ್ಟ ಬಟ್ಟೆಯನ್ನು ಹೊಳೆಗೇ ಬಿಡಬೇಕು. ನನ್ನದು ಹಸಿರು ಹತ್ತಿ ಸೀರೆ, ತುಂಬ ಇಷ್ಟದ್ದು. ಹೊಸ ಸೊಸೆ, ಏನು ಹೇಳಲಿ? ಬಿಟ್ಟೇಬಿಟ್ಟೆ. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಆ ಧ್ವನಿ — "ಏನ್ ಪುಟ್ಟಗೌರಮ್ನೋರೆ, ಒಳೆ ಏನು ನಿಮ್ಮನೆ ಬೀರೂನಾ?"

ಅತ್ತೆ ಸೆಟೆದು ನಿಂತರು. "ಅರಕೆ ಕಣ್ರೀ ಮೇಡಮ್ಮೋರೆ. ನಮ್ಮತ್ತೆ ಕಾಲದ್ದು."

"ಯಾರು ಬ್ಯಾಡ ಅಂದೋರು? ಒಳೆಗೆ ಬುಟ್ರಲ್ಲ, ಅರಕೆ ತೀರ್ತು. ಒಳೆ ಮುಟ್ಟಿದ್ ಮ್ಯಾಕೆ ಅದು ಪ್ರಸಾದ ತಾನೆ? ಪ್ರಸಾದ ಯಾರಾರಾ ಬುಟ್ಟೋಯ್ತಾರಾ?"

ಅತ್ತೆ ಒಂದು ಗಳಿಗೆ ಯೋಚಿಸಿದರು. ಆಮೇಲೆ ಮಗನ ಕಡೆ ತಿರುಗಿ, "ನೋಡ್ತಾ ನಿಂತವ್ನೆ! ಇಡ್ಕಳಲಾ ಅದ!" ಎಂದು ಕೂಗಿದರು. ಸೀರೆ ಮುಂದೆ ಮುಂದೆ, ಪಂಚೆ ಎತ್ತಿ ಕಟ್ಟಿ ಇವರು ಹಿಂದೆ ಹಿಂದೆ! ಅತ್ತೆ ಆ ಸೀರೆಯಲ್ಲಿ ಹೊಲಿಸಿದ ಚೀಲವನ್ನು ಈಗ ನನಗೂ ಮುಟ್ಟಗೊಡುವುದಿಲ್ಲ.

ನಾನು ಮೇಡಂ ಅವರಿಂದ ಕಲಿತದ್ದು ಬಹಳ ಕಡಿಮೆ. ನೇರವಾಗಿ ಒಂದು ಹೊಲಿಗೆ ಹಾಕುವುದು ಬಂದಿದೆ. ಚೀಲಕ್ಕೆ ಕಿತ್ತುಹೋಗದ ಹಾಗೆ ಹಿಡಿ ಹಚ್ಚುವುದು ಇನ್ನೂ ಬಂದಿಲ್ಲ. ತಿಪ್ಪೆಗೆ ಯಾವುದು ಹಾಕಬೇಕು, ಯಾವುದು ಬೇಡ, ಬೀಜಕ್ಕೆ ಯಾವ ಕಾಯಿ ಬಿಡಬೇಕು — ದಸರಾ ರಜೆಯಲ್ಲಿ ಎಲ್ಲವನ್ನೂ ಹೇಳಿಕೊಡುತ್ತೇನೆ ಅಂದಿದ್ದರು. ದಸರಾ ಬರುವ ಮೊದಲೇ ಎದೆನೋವು ಬಂತು. ಇನ್ನು ವಾಣಿಯನ್ನು ಕೇಳಬೇಕು. ಬಸ್ಸು ಹತ್ತಿ ಹದಿನಾರಿಗೆ ಬಂದು ಕೂರುತ್ತೇನೆ ವಾಣಿ, ಬೇಸರ ಮಾಡಿಕೊಳ್ಳಬೇಡ.

ದೊಡ್ಡಪ್ಪ — ಜೀವ ಎಲ್ಲಿ ಸುತ್ತುತ್ತದೆ ಎನ್ನುವುದು ನಿಮಗೆ ಗೊತ್ತಿರಬಹುದು, ನನಗೆ ಗೊತ್ತಿಲ್ಲ. ನನಗೆ ಮೇಡಂ ಗೊತ್ತು. ತಮ್ಮ ಸೀರೆ ಯಾವುದೋ ಬಂಡೆಗೆ ಸಿಕ್ಕಿಕೊಂಡು ಕೊಳೆಯುವುದನ್ನು ಅವರು ನೋಡಲಾರರು. ಪದ್ಧತಿ ಬಿಡಿ ಎನ್ನುತ್ತಿಲ್ಲ. ನೀರಿಗೆ ಬಿಡಿ. ಬಿಟ್ಟ ಮೇಲೆ ಮಗಳು ಎತ್ತಿಕೊಳ್ಳಲಿ. ದಯವಿಟ್ಟು —

ದೊಡ್ಡಪ್ಪ ಏನೋ ಹೇಳುತ್ತಿದ್ದಾರೆ… ಸ್ವಲ್ಪ ಜೋರಾಗಿ, ದೊಡ್ಡಪ್ಪ… ಹ್ಞಾ.

ಹಿಂದೆ ಕುಳಿತವರಿಗೆ ಕೇಳಿಸಲಿಲ್ಲ, ನಾನೇ ಹೇಳುತ್ತೇನೆ. ದೊಡ್ಡಪ್ಪ ಅಂದರು — "ನಾಳೆ ನೀನೂ ಬಾರವ್ವ. ನೆಂದ್ ಸೀರೆ ಬಾರ ಇರ್ತವೆ. ವಾಣಿ ಒಬ್ಬಳ ಕೈಲಿ ಎತ್ತಾಕಾಗಲ್ಲ."

ಬರುತ್ತೇನೆ ದೊಡ್ಡಪ್ಪ. ಬಂದೇ ಬರುತ್ತೇನೆ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ನಮ್ಮ ಜವರಮ್ಮ ಮೇಡಂ ಅವರಿಗಾಗಿ ಸ್ವಲ್ಪ ಹೊತ್ತು ಸುಮ್ಮನಿರೋಣ.