ವಿಯೆನ್ನಾದಲ್ಲಿ ಅಂಗಡಿ ಮುಚ್ಚಿದ ಸಂಜೆ

ಕ್ರಿಸ್‌ಮಸ್ ಬೆಳಿಗ್ಗೆ ಎಂಟಕ್ಕೆ ನ್ಯೂಜಿಲೆಂಡಿನ ಆಲ್ಬನಿಯಿಂದ ಹೊರಟ ಬಸ್ಸಿನಲ್ಲಿ ಡ್ರೈವರ್ ಸೇರಿ ಮೂರೇ ಜನ. ಕೆಲಸಕ್ಕೆ ಹೊರಟಿದ್ದ ಮಾನ್ಯಳ ಮುಂದಿನ ಸೀಟಿನಲ್ಲಿ ಆಂಟಿಯೊಬ್ಬರು ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಕೂತಿದ್ದರು. ಆ ಕಡೆ, ವಿಯೆನ್ನಾ ಸುತ್ತಲು ಹೋದ ಮಗಳು. ಅಲ್ಲಿನ್ನೂ ಹಿಂದಿನ ದಿನದ ಸಂಜೆ.

"ಊಟ ಆಯ್ತೇನೆ?"

"ಮಧ್ಯಾಹ್ನಾನೇ ಎಲ್ಲಾ ಬಾಗಿಲು ಹಾಕಿದ್ರಮ್ಮ. ನಮ್ಮ ಬೀದಿ ಮೂಲೆ ಡೈರಿ ಥರ ಹಾಲು-ಬ್ರೆಡ್ ಮಾರೋ ಅಂಗಡಿ ಒಂದಾದ್ರೂ ತೆಗೆದಿರತ್ತೆ ಅಂತ ಎರಡು ಗಂಟೆ ಸುತ್ತಿದೆ."

"ನಮ್ಮ ಡೈರಿ ಪಟೇಲ್ ಅಂಕಲ್ ಅಲ್ಲೂ ಅಂಗಡಿ ಇಟ್ಟಿದ್ದಾರಾ? ಹಾಸ್ಟೆಲಲ್ಲಿ ಎಲ್ಲರೂ ಸೇರಿ ಊಟ ಅಂದಿದ್ಯಲ್ಲ?"



"ಸುಳ್ಳು ಹೇಳ್ದೆ. ರೂಮಲ್ಲಿ ನಾನೊಬ್ಬಳೇ. ಬೆಳಗಿಂದ ಯಾರ ಹತ್ರಾನೂ ಮಾತಾಡಿಲ್ಲ."

ಆಂಟಿ ಬೈಯಲಿಲ್ಲ.

"ಬ್ಯಾಗಿನ ತಳದಲ್ಲಿ ನೋಡು, ಗೊಜ್ಜವಲಕ್ಕಿ ಪೊಟ್ಟಣ ಇದೆ."

"ಬೇಡ ಅಂತ ತೆಗೆದಿಟ್ಟಿದ್ನಲ್ಲ!"

"ನೀನು ತೆಗೆದೆ, ನಾನು ಮತ್ತೆ ತುರುಕಿದೆ. ಬಿಸಿನೀರು ಹಾಕು."

ಜಿಪ್ ಎಳೆದ ಸದ್ದು ಕೇಳಿತು. ಆಮೇಲೆ ನೀರು ಕುದಿಯುವ ಸದ್ದು.

"ಅಮ್ಮ, ನಿನ್ನ ಸ್ಟಾಪ್ ಬಂತಾ? ಫೋನ್ ಇಡ್ತೀಯಾ?"

"ಇಳೀತೀನಿ. ಇಡಲ್ಲ. ನೀನು ತಿನ್ನು, ನಾನು ಕೇಳಿಸ್ಕೋತೀನಿ."

ಆಂಟಿ ಫೋನನ್ನು ಕಿವಿಗೆ ಒತ್ತಿಕೊಂಡು ಇಳಿದುಹೋದರು. ಬಸ್ಸಿನಲ್ಲಿ ಮಾನ್ಯ ಮತ್ತು ಡ್ರೈವರ್ ಉಳಿದರು.